ಇಪ್ಪತ್ತೇಳು ಹೆಜ್ಜೆ, ಹದಿನಾಲ್ಕು ಹೆಜ್ಜೆ

ಭಟ್ಕಳ,
೨೨ ಆಗಸ್ಟ್ ೧೯೬೬

ಚಿರಂಜೀವಿ ಅಂಬಾ,

...ಮತ್ತೆ ಆ ಪೇಟೆ ಧಾರಣೆಯ ವಿಷಯ. ಅದನ್ನು ಪೂರ್ತಿ ಹೇಳುವಷ್ಟರಲ್ಲಿ ನೀನು ಕೊಡೆ ಎತ್ತಿಕೊಂಡು ಎದ್ದುಬಿಟ್ಟೆ. ಎದ್ದದ್ದು ಸರಿಯೇ. ಶರಾವತಿ ದಾಟುವ ಕೊನೆಯ ಲಾಂಚು ತಪ್ಪಿದ್ದರೆ ಕಾಸರಕೋಡಿನ ದಡದಲ್ಲಿ ಕೂತು ಆಚೆಯ ಹೊನ್ನಾವರದ ದೀಪ ನೋಡುತ್ತ ಇರಬೇಕಾಗಿತ್ತು. ಆದರೆ ಅರ್ಧ ಆಡಿದ ಮಾತು ನನ್ನನ್ನು ಕೂರಗೊಡುವುದಿಲ್ಲ. ನೀನು ಎದುರಿಗೇ ಕೂತಿದ್ದೀ ಎಂದುಕೊಂಡು ನಿನ್ನೆಯ ಮಾತನ್ನು ಇಂದು ಕಾಗದದ ಮೇಲೆ ಮುಂದುವರಿಸುತ್ತೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಜ್ಜ, ನಂಬೂಕಾಗುವಂಥ ಅಂಕಿಸಂಖ್ಯೆ ಎಲ್ಲಿ ಸಿಕ್ತದೆ?" ಇಪ್ಪತ್ತೆಂಟು ವರ್ಷ ಸರಕಾರದ ಹಗ್ಗ ಹಿಡಿದು ಕುಮಟಾ, ಹೊನ್ನಾವರ, ಭಟ್ಕಳದ ಗದ್ದೆಗಳಲ್ಲಿ ತಿರುಗಿದವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಮೇಲಿನವರು ಕೇಳುತ್ತಿದ್ದದ್ದು ಅಂಕಿ ಯಾವಾಗ ಸಿಗುತ್ತದೆ ಎಂದು ಮಾತ್ರ.

ನಿನ್ನ ಕಷ್ಟ ನನಗೆ ಅರ್ಥವಾಗಿದೆ. ಹೊಳೆ ನಡುವಿನ ಮಾವಿನಕುರ್ವೆಯ ನಿಮ್ಮ ಗಜನಿ, ಅಂದರೆ ಹೊಳೆಯ ಉಪ್ಪುನೀರಿನ ಮಗ್ಗುಲಿನ ಗದ್ದೆ, ಹೋದ ವರ್ಷದ ಮಳೆಯಲ್ಲಿ ಕಟ್ಟೆ ಒಡೆದು ನೀರುಪಾಲಾಗಿದೆ. ಸರಕಾರ ಕಟ್ಟೆ ಕಟ್ಟಿಸಿಕೊಡಬೇಕಾದರೆ ಅಲ್ಲಿ ಎಕರೆಗೆ ಕನಿಷ್ಠ ಎಂಟುನೂರು ಪೌಂಡು ಭತ್ತ ಬೆಳೆಯುತ್ತಿತ್ತು ಎಂದು ತೋರಿಸಬೇಕು. ಈಗೆಲ್ಲ ಕಿಲೋ ಬಂದಿದೆ. ನನ್ನ ತಲೆ ಪೌಂಡಿನಲ್ಲೇ ಉಳಿದಿದೆ. ಊರಿನಲ್ಲಿ ಕಾಲೇಜು ಹತ್ತಿದವಳು ನೀನೊಬ್ಬಳೇ, ಅದೂ ಅರ್ಥಶಾಸ್ತ್ರ. ಹಾಗಾಗಿ ಅರ್ಜಿಗೆ ಅಂಕಿ ಹುಡುಕುವ ಕೆಲಸ ನಿನ್ನ ತಲೆಗೆ ಬಂತು. ನಿನ್ನ ಅಪ್ಪ ಶನಿಯಾರ "ಅಳತೆಯ ಅಣ್ಣಪ್ಪಜ್ಜನ್ನ ಕೇಳು" ಎಂದು ನನ್ನ ಹತ್ತಿರ ಕಳಿಸಿದ. ಅಷ್ಟು ವರ್ಷದ ಮೇಲೂ ಅವನಿಗೆ ನನ್ನ ನೆನಪಿದೆಯಲ್ಲ.

ಕೇಳು. ಶಾನಭೋಗರ ಪಹಣಿಯಲ್ಲಿ ಗದ್ದೆಯ ಅಗಲ ಉದ್ದ ನಂಬು, ಅದರಲ್ಲಿ ಬೆಳೆ ಎಷ್ಟು ಎಂಬುದನ್ನು ನಂಬಬೇಡ. ಗದ್ದೆ ಓಡಿಹೋಗುವುದಿಲ್ಲ; ಬೆಳೆಯನ್ನು ಅವರು ಚಾವಡಿಯಲ್ಲಿ ಕೂತು ನೆನೆಸಿಕೊಳ್ಳುತ್ತಾರೆ. ಕುಮಟೆಯ ಪೇಟೆ ಧಾರಣೆಯನ್ನು ಗುಮಾಸ್ತ ಅಂಗಡಿಯವನನ್ನು ಕೇಳಿ ಬರೆದಿದ್ದರೆ ಬಿಟ್ಟುಬಿಡು, ಮಾರಿದವನೂ ಕೊಂಡವನೂ ಇಬ್ಬರೂ ಒಪ್ಪಿದ್ದರೆ ಮಾತ್ರ ತೆಗೆದುಕೋ. ಜನಗಣತಿಯಲ್ಲಿ ತಲೆ ಸರಿ, ವಯಸ್ಸು ತಪ್ಪು. ಅರವತ್ತೊಂದರಲ್ಲಿ ನಾನೂ ಮನೆಮನೆ ತಿರುಗಿದವನೇ. "ವಯಸ್ಸೆಷ್ಟು?" ಎಂದರೆ "ನಲವತ್ತು ಬರ್ಕಣಿ" ಎನ್ನುವರು. ಮುಂದಿನ ಮನೆಯಲ್ಲೂ ನಲವತ್ತೇ. ನಮ್ಮ ತಾಲೂಕಿನಲ್ಲಿ ನಲವತ್ತೊಂದು ವರ್ಷದ ಹೆಂಗಸೇ ಇಲ್ಲ ಅಂಬಾ, ಬೇಕಾದರೆ ತೆಗೆದು ನೋಡು.

ಎಲ್ಲಕ್ಕಿಂತ ಮೇಲಿನದು ಬೆಳೆ ಕಟಾವಿನ ಪ್ರಯೋಗ. ರ್‍ಯಾಂಡಮ್ ನಂಬರಿನ ಪುಸ್ತಕವೊಂದು ಇರುತ್ತದೆ, ಪುಟದ ತುಂಬ ಬರೀ ಅಂಕಿ, ತಲೆಬುಡವಿಲ್ಲದ್ದು. ಆ ಪುಸ್ತಕ ಹೇಳಿದ ಗದ್ದೆಗೆ ಹೋಗಿ, ಅದು ಹೇಳಿದಷ್ಟು ಹೆಜ್ಜೆ ಉದ್ದಕ್ಕೆ, ಅದು ಹೇಳಿದಷ್ಟು ಹೆಜ್ಜೆ ಅಡ್ಡಕ್ಕೆ ನಡೆದು ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟುವುದು. ಮೂವತ್ತಮೂರು ಅಡಿ ಉದ್ದ, ಹದಿನಾರೂವರೆ ಅಡಿ ಅಗಲ. ಎಕರೆಯ ಎಂಬತ್ತನೆಯ ಒಂದು ಪಾಲು. ಕೊಯ್ಲಿನ ದಿನ ಅಷ್ಟನ್ನೇ ಕೊಯ್ದು, ಬಡಿದು, ತೂಗಿ ಬರೆಯುವುದು. ನಿಮಗೂ ನನಗೂ ಬೇಕಾದ ಜಾಗ ಆರಿಸಲಿಕ್ಕೆ ಬರುವುದಿಲ್ಲ. ನನ್ನ ಹೆಂಡತಿ ನಾಗಮ್ಮನಿಗೆ ಅದೊಂದು ಆಟ. ಅವಳಿಗೆ ಇಂಗ್ಲಿಷಿನ ಎ ಬಾರದು, ಆದರೆ ಆ ಪುಸ್ತಕದಿಂದ ಇಂಗ್ಲಿಷ್ ಅಂಕಿ ಕಲಿತುಬಿಟ್ಟಳು. ಒಲೆಯ ಮುಂದೆ ಕೂತು ಪುಟದ ಮೇಲೆ ಬೆರಳಿಟ್ಟು ಓದುವಳು, ನಾನು ಬರೆದುಕೊಳ್ಳುವೆನು. "ಹೋಯ್, ನಾ ಹೇಳಿದ್ದು ಬರ್ಕಂಡ್ರೆ ಸಾಲ್ದು, ಹೋಗಿ ಕಾಣಿ. ಕಾಣದ್ದು ಬರೀಬೇಡಿ ಹಾಂ" ಎನ್ನುವಳು. ನಮ್ಮ ಕಾಲೇಜಿನ ಪ್ರೊಫೆಸರು ಹೇಳಿಕೊಟ್ಟದ್ದಕ್ಕಿಂತ ಅದು ಮೇಲು. ಅವರು ಮೊದಲ ದಿನ "ಜಂಟಲ್‌ಮೆನ್, ಎವೆರಿ ಫಿಗರ್ ಈಸ್..." ಎಂದು ಶುರು ಮಾಡಿದ್ದರು. ಮುಂದೇನೋ ದೊಡ್ಡ ಮಾತಿತ್ತು, ಮರೆತುಹೋಗಿದೆ. ಇಂಟರಿಗೇ ಓದು ಬಿಟ್ಟವನ ಇಂಗ್ಲಿಷು ಹೀಗೆಯೇ, ಎಲ್ಲಾ ಮಾತಿಗೂ ಅರ್ಧ ಬಾಲ.

ಐವತ್ತೆಂಟನೆಯ ಇಸವಿಯ ಗಜನಿ ಬೆಳೆಯ ಬಗ್ಗೆ ನೀನು ಎರಡು ಸಲ ಕೇಳಿದಿ, ನಾನು ಎರಡು ಸಲ ಚಹಾ ಬಗ್ಗಿಸಿದೆ. ಆ ವರ್ಷ ನನ್ನ ಮನೆಯಲ್ಲಿ ಸಾವಾಯಿತು. ನೆನಪು ಸರಿಯಾಗಿಲ್ಲ. ಪುಸ್ತಕಗಳಲ್ಲಿ ನೋಡಿಕೋ.

ನಿನ್ನ ಹಿತ ಬಯಸುವ,
ಅಣ್ಣಪ್ಪ ಮಾಸ್ತಿ ನಾಯ್ಕ


ಕುಮಟಾ,
೧೯ ಸೆಪ್ಟೆಂಬರ್ ೧೯೬೬

ಅಜ್ಜನವರಿಗೆ ಅಂಬಾಳ ನಮಸ್ಕಾರ.

ನೀವು ಹೇಳಿದಂತೆ ಪುಸ್ತಕ ನೋಡಿದೆ. ಕಾಲೇಜಿನ ಲೈಬ್ರರಿಯಲ್ಲಿ ಎರಡು, ಒಂದು ಬ್ಯಾಂಕಿನವರು ಕರಾವಳಿಯ ಬಗ್ಗೆ ಮಾಡಿಸಿದ ವರದಿ, ಕಟ್ಟೆಯ ಇಂಜಿನಿಯರರ ಟಿಪ್ಪಣಿ, ನಮ್ಮ ಸರ್ ಹತ್ತಿರ ಇದ್ದ ಒಂದು ಪ್ರಬಂಧ. ಒಟ್ಟು ಐದು. ಐದರಲ್ಲೂ ಹೊನ್ನಾವರ ತಾಲೂಕಿನ ಗಜನಿ ಭತ್ತ ಎಕರೆಗೆ ಐದುನೂರು ಪೌಂಡು. ಒಂದರಲ್ಲೂ ಹೆಚ್ಚು ಕಡಿಮೆ ಇಲ್ಲ.

ಹೋದ ಗುರುವಾರ ಮೇಲಿನಿಂದ ಸಾಹೇಬರು ಕುರ್ವೆಗೆ ಬಂದಿದ್ದರು. ಶಾಲೆಯ ಜಗಲಿಯಲ್ಲಿ ಊರೆಲ್ಲ ಸೇರಿತ್ತು. ನನ್ನ ಅಪ್ಪ ಎದ್ದು ನಿಂತು, "ಒಡೆಯಾ, ನಮ್ಮ ಗಜನೀಲಿ ಎಕ್ರೆಗೆ ಸಾವ್ರದ ಮೇಲೆ ಬತ್ತಿತ್ತು" ಎಂದ. ಸಾಹೇಬರು ನಕ್ಕು, "ನೀನು ಒಬ್ಬ, ಪುಸ್ತಕ ಐದು. ಯಾರನ್ನ ನಂಬೋಣ, ನೀನೇ ಹೇಳಪ್ಪ" ಎಂದರು. ಎಲ್ಲರೂ ನಕ್ಕರು. ಅಪ್ಪ ನನ್ನ ಕಡೆ ನೋಡಿದ, ನಾನು ಏನಾದರೂ ಹೇಳುತ್ತೇನೆ ಎಂದು. ನನ್ನ ಕೈಯಲ್ಲಿ ಆ ಐದೂ ಪುಸ್ತಕದಿಂದ ಇಳಿಸಿಕೊಂಡ ಕಾಗದ ಇತ್ತು. ನಾನು, "ಅಪ್ಪಾ, ಗೊತ್ತಿಲ್ದೆ ಇದ್ರೆ ಸುಮ್ನೆ ಕೂತ್ಕ" ಎಂದೆ.

ಅವನು ಕೂತ. ಸಂಜೆ ದೋಣಿಯಲ್ಲಿ ನನ್ನನ್ನು ಹೊನ್ನಾವರಕ್ಕೆ ಬಿಟ್ಟ. ಇಳಿಯುವಾಗ ಒಂದೇ ಮಾತು ಹೇಳಿದ. "ಮಗಾ, ನೀ ಇಷ್ಟು ವರ್ಷ ಉಂಡ ಅನ್ನ ಯಾವ ಪುಸ್ತಕದ್ದು?"

ಅಂದಿನಿಂದ ಕುಮಟೆಯ ಸಂತೆಗೆ ಬಂದರೂ ಚಿಕ್ಕಮ್ಮನ ಮನೆಗೆ, ನಾನಿರುವಲ್ಲಿಗೆ, ಬರುವುದಿಲ್ಲ. ಅಕ್ಕಿ ಕಳಿಸುತ್ತಾನೆ, ತಾನು ಬರುವುದಿಲ್ಲ.

ಅಜ್ಜ, ಐದು ಪುಸ್ತಕ ಒಟ್ಟಿಗೆ ತಪ್ಪಾಗುವುದುಂಟೇ? ತಪ್ಪಲ್ಲದಿದ್ದರೆ ಅಪ್ಪ ನಾನು ಹುಟ್ಟಿದಾಗಿನಿಂದ ಸುಳ್ಳು ಹೇಳುತ್ತ ಬಂದಿದ್ದಾನೆ. ಎರಡರಲ್ಲಿ ಒಂದು. ಜನವರಿಯ ಕಡೆಯ ವಾರ ಹೊನ್ನಾವರದಲ್ಲಿ ಕೊನೆಯ ವಿಚಾರಣೆ. ಈ ಐದು ಪುಸ್ತಕಕ್ಕಿಂತ ಗಟ್ಟಿ ಆಧಾರ ತಂದರೆ ಸರಿ, ಇಲ್ಲದಿದ್ದರೆ ಫೈಲು ಮುಚ್ಚುತ್ತಾರಂತೆ.

ಉತ್ತರ ಕಾಯುವ,
ಅಂಬಾ ಶನಿಯಾರ ನಾಯ್ಕ


ಭಟ್ಕಳ,
೩೦ ಸೆಪ್ಟೆಂಬರ್ ೧೯೬೬

ಚಿ. ಅಂಬಾ,

ಐದು ಪುಸ್ತಕ ಎಂದು ಹೆದರಬೇಡ. ಪುಸ್ತಕ ಐದು, ಬಾಯಿ ಒಂದೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ಇಳಿಸಿಕೊಳ್ಳುತ್ತಾನೆ, ಅವನದನ್ನು ಬ್ಯಾಂಕಿನವನು, ಅವನದನ್ನು ಇಂಜಿನಿಯರು. ಯಾರೂ ಕುರ್ವೆಗೆ ದೋಣಿ ಹತ್ತಿಲ್ಲ. ನಿಜವಾಗಿ ಐದು ಸಲ ಅಳೆದಿದ್ದರೆ ಐದು ಬೇರೆ ಬೇರೆ ಅಂಕಿ ಬರುತ್ತಿತ್ತು, ನಾಲ್ಕುನೂರ ತೊಂಬತ್ತು, ಐದುನೂರ ಮೂವತ್ತು, ಹೀಗೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಅಂಕಿ ಕಂಡರೆ ಅನುಮಾನಪಡು. ದ್ಯಾಟ್ ಈಸ್ ದ ಪಾಯಿಂಟ್.

ಆ ಮೊದಲ ಬಾಯಿ ಯಾರದ್ದು ಎಂದು ಕೇಳಿದರೆ ನಾನು ಹೇಳಲಾರೆ.

ಅಪ್ಪನ ಹತ್ತಿರ ಹೋಗಿ ಮಾತಾಡು. ಅವನು ಸುಳ್ಳಾಡುವವನಲ್ಲ ಎಂದು ನಾನು ಹೇಳಿದೆ ಎನ್ನು. ಅಥವಾ ನನ್ನ ಹೆಸರು ತೆಗೆಯಬೇಡ.

ಇಲ್ಲಿ ಮಳೆ ಹಿಡಿದಿದೆ. ನೆರೆಮನೆಯ ನವಾಯತರ ಬೀಬಿ ಗೋಡೆಯ ಮೇಲಿಂದ ಮೀನಿನ ಸಾರು ಕೊಡುತ್ತಾ, "ಅಣ್ಣಪ್ಪಣ್ಣ, ನೀವು ಬಾವಿಗೆ ಹೋಗೂದು ಎಂತಕ್ಕೆ ಸುತ್ತು ಹಾಕಿ? ಕಾಲು ನೋಯ್ತದಾ?" ಎಂದು ಕೇಳಿದಳು. ಏನೆಂದು ಹೇಳಲಿ? ನನ್ನ ಬಾಗಿಲಿನಿಂದ ಬಾವಿಗೆ ನೆಟ್ಟಗೆ ನಡೆದರೆ ಇಪ್ಪತ್ತೇಳು ಹೆಜ್ಜೆ. ಆ ಅಂಕಿ ಆಗದಿರಲಿ ಎಂದು ತೆಂಗಿನಮರ ಸುತ್ತಿ ಹೋಗುತ್ತೇನೆ. ಈ ಮನೆ ಹಿಡಿದ ದಿನವೇ ಗೊತ್ತಾಗಿದ್ದರೆ ಬೇರೆ ಮನೆ ನೋಡುತ್ತಿದ್ದೆ.

ಇಂತು,
ಅ. ಮಾ. ನಾಯ್ಕ


ಭಟ್ಕಳ,
೧೨ ನವೆಂಬರ್ ೧೯೬೬

ಚಿ. ಅಂಬಾ,

ನೀನು ಬರೆಯಲಿಲ್ಲ. ಬರೆಯಬೇಕಾದವನು ನಾನು, ಅದು ನಿನಗೂ ಹೇಗೋ ತಿಳಿದಿರಬೇಕು. ಮೂರು ಸಲ ಬರೆದು ಒಲೆಗೆ ಹಾಕಿದೆ. ಇದು ನಾಲ್ಕನೆಯದು. ಇದನ್ನು ಹಗಲಿನಲ್ಲೇ ಬರೆದು ಹಗಲಿನಲ್ಲೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ಆ ಮೊದಲ ಬಾಯಿ ನನ್ನದು.

ಐವತ್ತೆಂಟರಲ್ಲಿ ಇಡೀ ತಾಲೂಕಿನ ಗಜನಿಗೆ ಒಂದೇ ಒಂದು ಪ್ರಯೋಗ ಕೊಟ್ಟಿದ್ದರು. ಪುಸ್ತಕ ತೋರಿಸಿದ್ದು ನಿಮ್ಮ ಗದ್ದೆಯನ್ನು. ನಾಗಮ್ಮ ಬೆರಳಿಟ್ಟು ಓದಿದಳು, "ಎರಡು, ಏಳು. ಒಂದು, ನಾಲ್ಕು." ಇಪ್ಪತ್ತೇಳು ಹೆಜ್ಜೆ ಕಟ್ಟೆಯ ಉದ್ದಕ್ಕೆ, ಹದಿನಾಲ್ಕು ಹೆಜ್ಜೆ ಗದ್ದೆಯ ಒಳಕ್ಕೆ. ಅಕ್ಟೋಬರಿನಲ್ಲಿ ನಾನು ಬಂದು ನಡೆದು ಗೂಟ ಹೊಡೆದೆ. ನೀನು ಆಗ ಹತ್ತು ಹನ್ನೊಂದು ವರ್ಷದವಳು, ಹಗ್ಗದ ತುದಿ ಹಿಡಿದು ನಿಂತಿದ್ದಿ, ನೆನಪಿದೆಯೋ ಇಲ್ಲವೋ. ನಿನ್ನ ಅಪ್ಪನಿಗೆ ಹೇಳಿದೆ, "ಶನಿಯಾರ, ನಾ ಬಂದು ತೂಗುವವರೆಗೂ ಈ ಹಗ್ಗದ ಒಳಗಿನ ಪೈರಿಗೆ ಕತ್ತಿ ಹಾಕ್ಬೇಡ. ನವೆಂಬರ್ ಒಂದಕ್ಕೆ ಬತ್ತೆ." "ಆತು ಒಡೆಯಾ, ನೀವು ಬರೂವರಿಗೂ ಮುಟ್ಟೂದಿಲ್ಲ" ಎಂದ.

ಅಕ್ಟೋಬರ್ ಮೂವತ್ತಕ್ಕೆ ನಾಗಮ್ಮನಿಗೆ ಜ್ವರ ಬಂತು. ಒಂದನೇ ತಾರೀಖು ಬೆಳಿಗ್ಗೆ ತಕ್ಕಡಿ ಚೀಲದಲ್ಲಿ ಹಾಕಿಕೊಂಡು ಹೊನ್ನಾವರದ ದಕ್ಕೆಯವರೆಗೂ ಬಂದೆ. ದೋಣಿ ನಿಂತಿತ್ತು. ಹೊರಡುವಾಗ ಅವಳು "ಹೋಗಿ ಬನ್ನಿ, ಅವ್ರು ಕಾಯ್ತಾರೆ" ಎಂದಿದ್ದಳು. ನಾನು ದೋಣಿ ಹತ್ತಲಿಲ್ಲ, ಮನೆಗೆ ತಿರುಗಿದೆ. ಅದರಲ್ಲಿ ತಪ್ಪೇನೂ ಇಲ್ಲ, ಯಾರೂ ಹಾಗೆಯೇ ಮಾಡುತ್ತಿದ್ದರು. ಒಂಬತ್ತನೇ ತಾರೀಖು ಅವಳು ಹೋದಳು.

ತಪ್ಪು ಮಾಡಿದ್ದು ಹದಿಮೂರನೆಯ ದಿನ ಕಳೆದ ಮೇಲೆ. ಮೇಲಿನಿಂದ ತಗಾದೆ ಬಂತು, ಫಾರಂ ಕಳಿಸು ಎಂದು. "ಪೈರು ಸಿಗಲಿಲ್ಲ, ಪ್ರಯೋಗ ಆಗಲಿಲ್ಲ" ಎಂದು ಬರೆಯಬಹುದಿತ್ತು, ಅದಕ್ಕೆಂದೇ ಒಂದು ಅಂಕಣ ಇತ್ತು. ನಾನು ಏನು ಯೋಚಿಸಿದೆ ಗೊತ್ತೇ? ಕಡಿಮೆ ಬರೆದರೆ ಕುರ್ವೆಯವರಿಗೆ ಬೆಳೆ ಕೆಟ್ಟಿತೆಂದು ಆ ವರ್ಷದ ಕಂದಾಯ ಬಿಡುತ್ತಾರೆ. ಹೋದವಳ ಹೆಸರಿನಲ್ಲಿ ಕೆಲವರು ಅನ್ನ ಹಾಕುತ್ತಾರೆ, ಕೆಲವರು ಕೊಡಪಾನ ದಾನ ಕೊಡುತ್ತಾರೆ. ನನ್ನ ಕೈಯಲ್ಲಿ ಇದ್ದದ್ದು ಪೆನ್ಸಿಲು. ಆರು ಪೌಂಡು ನಾಲ್ಕು ಔನ್ಸು ಎಂದು ಬರೆದೆ. ಎಂಬತ್ತರಿಂದ ಗುಣಿಸಿದರೆ ಐದುನೂರು. ಕೆಳಗೆ ಅಚ್ಚಾದ ಸಾಲಿತ್ತು, "ಸರ್ಟಿಫೈಡ್ ದ್ಯಾಟ್ ಐ ವಾಸ್ ಪರ್ಸನಲಿ ಪ್ರೆಸೆಂಟ್ ಅಟ್ ದ ಹಾರ್ವೆಸ್ಟ್," ಕೊಯ್ಲಿನಲ್ಲಿ ನಾನೇ ಖುದ್ದಾಗಿ ಹಾಜರಿದ್ದೆ ಎಂದು. ಅದರ ಕೆಳಗೆ ಸಹಿ ಹಾಕಿದೆ. ಕಾಣದ್ದು ಬರೀಬೇಡಿ ಎಂದವಳ ಹೆಸರಿನಲ್ಲೇ ಕಾಣದ್ದನ್ನು ಬರೆದೆ ಮಗಾ.

ಕಂದಾಯ ಬಿಟ್ಟರು. ಊರಿನವರು ನನ್ನನ್ನು ಹೊಗಳಿದರಂತೆ. ಆದರೆ ಅಂಕಿ ಆ ವರ್ಷಕ್ಕೇ ಸಾಯಲಿಲ್ಲ. ಇಷ್ಟು ಕಡಿಮೆ ಬೆಳೆಯುವ ಗಜನಿಗೆ ಪ್ರಯೋಗವೇ ದಂಡ ಎಂದು ಮರುವರ್ಷದಿಂದ ನಿಲ್ಲಿಸಿದರು. ಮುಂದೆ ಪ್ರತಿ ವರ್ಷವೂ ಇಳುವರಿಯ ಅಂಕಣದಲ್ಲಿ "ಹಿಂದಿನಂತೆ" ಎಂದು ಬರೆದರು. ಹಿಂದಿನಂತೆ, ಹಿಂದಿನಂತೆ. ನಾನು ಕೇಳಿ ಭಟ್ಕಳಕ್ಕೆ ವರ್ಗ ಮಾಡಿಸಿಕೊಂಡೆ, ಹೊಳೆ ಕಾಣದ ಮನೆ ಹಿಡಿದೆ. ಅಂಕಿ ಹಿಂದೆಯೇ ಬಂತು. ಮಧ್ಯಾಹ್ನ ಊಟ ಮಾಡುತ್ತಿರುತ್ತೇನೆ, ಒಳಗಿನಿಂದ ಅವಳ ದನಿ: ಎರಡು, ಏಳು. ನಾನು ತುತ್ತು ಹಿಡಿದು ಕಾಯುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ: ಒಂದು, ನಾಲ್ಕು. ಅಷ್ಟೇ. ಬೈಯುವುದಿಲ್ಲ. ಬೈದಿದ್ದರೆ ಮೇಲಾಗಿತ್ತು.

ಹಾಂ, ಪ್ರೊಫೆಸರರ ಮಾತಿನ ಬಾಲ ನೆನಪಾಯಿತು. "ಎವೆರಿ ಫಿಗರ್ ಈಸ್ ಸಮ್‌ಬಡೀಸ್ ವರ್ಡ್." ಪ್ರತಿ ಅಂಕಿಯೂ ಯಾರೋ ಒಬ್ಬರು ಕೊಟ್ಟ ಮಾತು. ನಿನ್ನ ಅಪ್ಪ ಮಾತು ಉಳಿಸಿಕೊಂಡಿರಬೇಕು, ನಾನು ಉಳಿಸಿಕೊಳ್ಳಲಿಲ್ಲ.

ಇದನ್ನು ಸಾಹೇಬರಿಗೆ ತೋರಿಸು. ನನ್ನ ಪೆನ್ಶನ್ನಿನ ಗತಿ ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ನನ್ನ ಐದುನೂರನ್ನು ಹೊಡೆದುಹಾಕಿದರೂ ಅದರ ಜಾಗದಲ್ಲಿ ಇಡಲಿಕ್ಕೆ ಖರೇ ಅಂಕಿ ನನ್ನ ಹತ್ತಿರ ಇಲ್ಲ. ಆ ಪೈರು ಎಷ್ಟು ತೂಗುತ್ತಿತ್ತು ಎಂದು ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ನೀನು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಎಲ್ಲಿ ಸಿಗುತ್ತದೋ ತಿಳಿಯದು, ನನ್ನಲ್ಲಿ ಸಿಗುವುದಿಲ್ಲ.

ಅಣ್ಣಪ್ಪ


ಮಾವಿನಕುರ್ವೆ,
೨೦ ಡಿಸೆಂಬರ್ ೧೯೬೬

ಅಜ್ಜ,

ಒಂದು ತಿಂಗಳು ನಿಮಗೆ ಬರೆಯುವ ಮನಸ್ಸಾಗಲಿಲ್ಲ. ಸಿಟ್ಟಿತ್ತು. ನಿಮ್ಮ ಮೇಲೆ ಎಷ್ಟೋ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಅಪ್ಪನಿಗೆ "ಸುಮ್ನೆ ಕೂತ್ಕ" ಎಂದದ್ದು ನೀವಲ್ಲ.

ರಜೆಗೆ ಮನೆಗೆ ಬಂದು ನಿಮ್ಮ ಕಾಗದ ಓದಿ ಹೇಳಿದೆ. ಅಪ್ಪ ಬಲೆ ಹೊಲಿಯುತ್ತಿದ್ದ, ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಗೊತ್ತಿತ್ತು" ಎಂದ.

"ಎಂತ ಗೊತ್ತಿತ್ತು?"

"ಅವ್ರು ಬರ್ಲಿಲ್ಲ ಅಂತ. ನಂಗೆ ಗೊತ್ತಿಲ್ದೆ ಮತ್ತ್ಯಾರಿಗೆ ಗೊತ್ತಿರ್ತದೆ? ಎಂಟು ದಿವ್ಸ ಕಾದ್ವಿ. ಅಷ್ಟ್ರಲ್ಲಿ ದಕ್ಕೇಲಿ ಸುದ್ದಿ ಸಿಕ್ತು, ಹೆಂಡ್ತಿ ತೀರ್ಕಂಡ್ಲು ಅಂತ. ಹೆಂಡ್ತಿ ತೀರ್ಕಂಡ ಮನ್ಶ ತಕ್ಕಡಿ ಹಿಡ್ಕಂಡು ಬತ್ತ್ನಾ?"

"ಇಷ್ಟು ವರ್ಷ ಯಾರಿಗೂ ಎಂತಕ್ಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಆಗ ಒಳಗಿನಿಂದ ಬೊಮ್ಮಿ ಅಜ್ಜಿ, ಅಪ್ಪನ ತಾಯಿ, ಕೂಗಿದ್ದು ಕೇಳಿ: "ಅಷ್ಟೂ ಪೈರು ಎಂತ ಆತು ಅಂತ ಆ ಅಣ್ಣಪ್ಪಂಗೆ ಬರಿ ಹೆಣ್ಣೆ! ನಾವೇನು ಅವನ ಪೈರು ತಿಂದ್ವಾ?"

ಅಜ್ಜ, ಈಗ ಹೇಳುವುದನ್ನು ನಿಧಾನ ಓದಿ. ನಮ್ಮ ಗಜನಿಯಲ್ಲಿ ನಾಲ್ಕು ಗೂಟ ಇವೆ. ನಾನು ಸಣ್ಣವಳಿದ್ದಾಗಿನಿಂದ ಇವೆ. ಎಲ್ಲ ಕಡೆ ಕೊಯ್ದ ಮೇಲೆ ಕಡೆಗೆ ಆ ಗೂಟದ ಒಳಗಿನದನ್ನು ಕೊಯ್ಯುವುದು, ಬೇರೆ ಚಾಪೆಯ ಮೇಲೆ ಬಡಿಯುವುದು, ಬೇರೆ ಸೇರು ಹಾಕುವುದು, ಹುಲ್ಲಿನಲ್ಲಿ ಸುತ್ತಿ ಬೇರೆ ಮುಡಿ ಕಟ್ಟಿ ಅಟ್ಟದ ಮೇಲೆ ಇಡುವುದು ನಮ್ಮ ಮನೆಯ ಪದ್ಧತಿ. ಮರುವರ್ಷದ ಕೊಯ್ಲಿನವರೆಗೂ ಅದನ್ನು ಮುಟ್ಟುವಂತಿಲ್ಲ. ಗೂಟ ಕೊಳೆತರೆ ಅದೇ ತೂತಿಗೆ ಹೊಸ ಗೂಟ. ಅಂದು ಹಗ್ಗ ಹಿಡಿದದ್ದು ನನಗೆ ಮರೆತೇಹೋಗಿತ್ತು, ಅದು ಜಟಕ ದೇವರ ಪಾಲು ಎಂದೇ ತಿಳಿದಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅಜ್ಜಿಯನ್ನು ಕೇಳಿದೆ. "ದೇವ್ರದ್ದಲ್ವೇ, ಅಳತೆಯವಂದು. ಕಾಯ್ತೆ ಅಂದ್ವಲ್ಲ, ಬಂದು ಕೇಳಿದ್ರೆ ಎಂತ ತೋರ್ಸೂದು?" ಎಂದಳು. ಮೊದಲ ವರ್ಷ ನಿಮಗಾಗಿ ಬೇರೆ ಇಟ್ಟರು. ಎರಡನೆಯ ವರ್ಷವೂ ಬರಬಹುದು ಎಂದು ಇಟ್ಟರು. ಆಮೇಲೆ ಅದು ಹಾಗೇ ನಡೆದುಬಂತು.

ಪ್ರತಿ ವರ್ಷ ಎಷ್ಟು ಸೇರು ಎಂದು ಅಟ್ಟದ ತೊಲೆಯ ಮೇಲೆ ಮಸಿಯಲ್ಲಿ ಗೆರೆ ಎಳೆದವಳು ನಾನೇ. ಅಜ್ಜಿ ಹೇಳುತ್ತಿದ್ದಳು, ನಾನು ಏಣಿ ಹತ್ತಿ ಎಳೆಯುತ್ತಿದ್ದೆ. ನಿನ್ನೆ ಮತ್ತೆ ಹತ್ತಿ ನೋಡಿದೆ. ಐವತ್ತೆಂಟರಿಂದ ಅರವತ್ತನಾಲ್ಕರವರೆಗೆ, ಕಟ್ಟೆ ಒಡೆಯುವ ಮುಂಚಿನ ಕಡೆಯ ಬೆಳೆಯವರೆಗೆ, ಏಳು ಸಾಲು. ಒಂಬತ್ತು, ಹನ್ನೊಂದು, ಹನ್ನೆರಡು, ಹನ್ನೊಂದು, ಹತ್ತು, ಹನ್ನೆರಡು, ಹನ್ನೊಂದು. ಮೊದಲ ವರ್ಷದ್ದು ಕಡಿಮೆ ಯಾಕೆಂದರೆ ಕಾದ ಎಂಟು ದಿನದಲ್ಲಿ ಹಕ್ಕಿ ತಿಂದಿತ್ತು. ನಮ್ಮ ಮನೆಯ ಸೇರಿನಲ್ಲಿ ಭತ್ತ ತುಂಬಿ ತೂಗಿಸಿದೆ, ಒಂದೂಕಾಲು ಪೌಂಡು.

ನೀವೇ ಹೇಳಿದ್ದು, ನಿಜವಾಗಿ ಅಳೆದರೆ ಬೇರೆ ಬೇರೆ ಅಂಕಿ ಬರುತ್ತದೆ ಎಂದು.

ಐದು ಪುಸ್ತಕ ಸಾಲದೆ ಇನ್ನೊಂದು ಹುಡುಕುತ್ತ ಕಾರವಾರದವರೆಗೂ ಹೋಗುವವಳಿದ್ದೆ. ನನ್ನ ತಲೆಯ ಮೇಲಿನ ತೊಲೆಯಲ್ಲಿತ್ತು. ಅದು ಲೆಕ್ಕ ಎಂದು ನನಗೆ ಗೊತ್ತಿರಲಿಲ್ಲ.

ಆದರೆ ನಾವು ಹೇಳಿದರೆ ಅದು ಬರೀ ಮಸಿಗೆರೆ. ಆ ನಾಲ್ಕು ಗೂಟದ ನಡುವೆ ಇರುವುದು ಎಕರೆಯ ಎಂಬತ್ತನೆಯ ಪಾಲು, ನಾವು ಆರಿಸಿದ್ದಲ್ಲ, ಪುಸ್ತಕ ಆರಿಸಿದ್ದು ಎಂದು ಹೇಳಬಲ್ಲವರು ನೀವೊಬ್ಬರೇ. ಅದನ್ನು ಹೇಳಬೇಕಾದರೆ ಅಂದು ನೀವು ಬರಲಿಲ್ಲ ಎಂಬುದನ್ನೂ ಹೇಳಬೇಕು. ಕಾಗದ ಸಾಲುವುದಿಲ್ಲವಂತೆ, ನೀವೇ ಬರಬೇಕಂತೆ. ಜನವರಿ ಇಪ್ಪತ್ತನಾಲ್ಕು, ಮಂಗಳವಾರ. ಬರುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು.

ಅಪ್ಪ, "ಅವ್ರಿಗೆ ಒತ್ತಾಯ ಮಾಡ್ಬೇಡ" ಎಂದು ಬರೆಸಿದ್ದಾನೆ. ಬರೆದಿದ್ದೇನೆ.

ಅಂಬಾ


ಮಾವಿನಕುರ್ವೆ, ಗಜನಿ ಕಟ್ಟೆಯ ಮೇಲೆ,
೨೪ ಜನವರಿ ೧೯೬೭

ಚಿ. ಅಂಬಾ,

ವಿಚಾರಣೆ ಮುಗಿದದ್ದೇ ನೀನು ನಾಳೆಯ ಪರೀಕ್ಷೆ ಎಂದು ಕುಮಟೆಯ ಬಸ್ಸಿಗೆ ಓಡಿದಿ. ಆಮೇಲಿನದನ್ನು ನೀನು ಕಂಡಿಲ್ಲ, ಆದ್ದರಿಂದ ಬರೆಯುತ್ತೇನೆ. ಕಾಗದ ನಿನ್ನ ಅಪ್ಪನ ಮನೆಯದು, ಪೆನ್ಸಿಲು ನನ್ನ ಹಳೆಯದು.

ನೀನು ಕಂಡದ್ದೂ ನನ್ನ ಕಣ್ಣ ಮುಂದೆ ಇನ್ನೂ ಇದೆ. ಸಾಹೇಬರು ಹಳೆಯ ಫಾರಂ ನನ್ನ ಮುಂದೆ ಹಿಡಿದು, "ಈ ಸಹಿ ನಿಮ್ಮದೇ?" ಎಂದರು. ನನ್ನದೇ ಎಂದೆ. "ಇದರಲ್ಲಿ ಖುದ್ದಾಗಿ ಹಾಜರಿದ್ದೆ ಎಂದಿದೆ." "ನೋ ಸರ್. ಐ ವಾಸ್ ನಾಟ್ ಪ್ರೆಸೆಂಟ್." ಇಡೀ ಜನ್ಮದಲ್ಲಿ ನಾನು ಬಾಲ ಉಳಿಸದೆ ಪೂರ್ತಿ ಆಡಿದ ಇಂಗ್ಲಿಷ್ ವಾಕ್ಯ ಅದೊಂದೇ ಇರಬೇಕು. "ಇದರ ಪರಿಣಾಮ ಗೊತ್ತೇ?" "ಗೊತ್ತು." ಅಟ್ಟದಲ್ಲಿ ಉಳಿದಿದ್ದ ಕೊನೆಯ ಮುಡಿಯನ್ನು ನಿನ್ನ ಅಪ್ಪ ಮಗುವಿನಂತೆ ಎತ್ತಿ ತಂದು ಮೇಜಿನ ಮೇಲಿಟ್ಟ. ಹುಲ್ಲು ಬಿಚ್ಚಿ ತೂಗಿದರು, ಎರಡು ವರ್ಷ ಒಣಗಿಯೂ ಆರು ಕಿಲೋದ ಮೇಲೆ. ಸಾಹೇಬರು ನಿನ್ನ ಏಳು ಸಾಲುಗಳನ್ನು ತಾವೇ ಎರಡು ಸಲ ಗುಣಿಸಿದರು. ಸರಾಸರಿ ಎಕರೆಗೆ ಸಾವಿರದ ಎಂಬತ್ತಾರು ಪೌಂಡು. ಹಕ್ಕಿ ತಿಂದು ಉಳಿದ ಐವತ್ತೆಂಟರಲ್ಲೂ ಒಂಬೈನೂರು. ಅವರು ಕೆಂಪು ಶಾಯಿಯಲ್ಲಿ ನನ್ನ ಐದುನೂರರ ಮೇಲೆ ಗೆರೆ ಎಳೆದದ್ದನ್ನು ನೀನೂ ನೋಡಿದಿ. ನಾನು ಆ ಗೆರೆಯನ್ನೇ ನೋಡುತ್ತಿದ್ದೆ, ನೀನು ಅಪ್ಪನನ್ನು ನೋಡುತ್ತಿದ್ದಿ.

ನೀನು ಹೋದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡು ಹೇಳಿದ್ದು ಇದು. ಕಟ್ಟೆಯ ಕಾಗದ ಒಪ್ಪಿಗೆಯ ಶಿಫಾರಸಿನೊಂದಿಗೆ ಮೇಲೆ ಹೋಗುತ್ತದೆ. ಆದೀತೆಂದು ತಾವು ಮಾತು ಕೊಡಲಾರರು. ನನ್ನ ಕಾಗದವೂ ಮೇಲೆ ಹೋಗುತ್ತದೆ. ಪೆನ್ಶನ್ ಸದ್ಯಕ್ಕೆ ತಡೆಯುತ್ತಾರೆ. ಆತು ಎಂದೆ.

ಹೊರಗೆ ನಿನ್ನ ಅಪ್ಪ ಕಾಯುತ್ತಿದ್ದ. ನಾನು ಭಟ್ಕಳದ ಕಡೆಯ ಲಾಂಚಿಗೆ ಹೊರಟಿದ್ದೆ. ಅವನು ನನ್ನ ಚೀಲ ತೆಗೆದುಕೊಂಡು, "ಎತ್ಲಾಗೆ? ದೋಣಿ ಇತ್ಲಾಗದೆ" ಎಂದ. ದಕ್ಕೆಯಲ್ಲಿ ದೋಣಿಗೆ ಕಾಲಿಡುವ ಮೊದಲು ಮೆಟ್ಟಿಲಿನ ಮೇಲೆ ನಿಂತುಬಿಟ್ಟೆ. ಎಂಟು ವರ್ಷದ ಹಿಂದೆ ಅದೇ ಮೆಟ್ಟಿಲಿನಿಂದ ಹಿಂದೆ ಸರಿದವನು. ಅವನು ನನ್ನ ತೋಳು ಹಿಡಿದುಕೊಂಡ, ಬಿಡಲಿಲ್ಲ. ದಾರಿಯಲ್ಲಿ ನಿನ್ನ ಮಾತು ಬಂತು. "ಹುಡ್ಗಿ ಜೋರು. ಊರ ಮುಂದೆ ನನ್ನ ಕೂರ್ಸಿದ್ಲು. ಇವತ್ತು ಸಾಹೇಬ್ರ ಮುಂದೆ 'ನಮ್ಮಪ್ಪಂಗೆ ಖುರ್ಚಿ ಕೊಡಿ' ಅಂದ್ಲಲ್ಲ, ಅದೂ ಕೂರ್ಸೂದೇ" ಎಂದು ತನ್ನಷ್ಟಕ್ಕೆ ನಕ್ಕ. ಈ ಶನಿವಾರ ಕುಮಟೆಗೆ ಅಕ್ಕಿ ತಾನೇ ತರುತ್ತಾನಂತೆ.

ಬೊಮ್ಮಿಯಕ್ಕ ಅಂಗಳದಲ್ಲೇ ನಿಂತಿದ್ದಳು. ಹಣೆಗೆ ಕೈ ಹಿಡಿದು ನೋಡಿ, "ನವೆಂಬರ್ ಒಂದು ಅಂದಿದ್ಯಲ್ಲ ಮಾರಾಯ, ಇವತ್ತು ಯಾವ ತಾರೀಕು?" ಎಂದಳು. ನಾನು ಚಪ್ಪಲಿ ಬಿಟ್ಟು ಕಾಲು ತೊಳೆದೆ. "ಹೋಗ್ಲಿ. ನಾಗಮ್ಮಂಗೆ ಎಂತ ಆಗಿತ್ತು?" ಎಂದು ಕೇಳಿದಳು. ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಜಗಲಿಯಲ್ಲಿ ಕೂತು ಜ್ವರದ ಮೊದಲ ದಿನದಿಂದ ಎಲ್ಲ ಹೇಳಿದೆ. ಗಂಜಿ ಹಾಕಿದಳು.

ಆಮೇಲೆ ಒಬ್ಬನೇ ಇಲ್ಲಿಗೆ ಬಂದೆ. ನೀರು ಇಳಿದಿತ್ತು. ಕಟ್ಟೆಯ ಮೂಲೆಯ ಕಲ್ಲಿನಿಂದ ಹೊರಟು ಎಣಿಸಿದೆ, ಇಪ್ಪತ್ತೇಳು. ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ, ಹದಿನಾಲ್ಕು. ಮೊಣಕಾಲು ತಗುಲಿದ್ದು ಗೂಟಕ್ಕೆ. ಪೈರಿಲ್ಲದ ಈ ವರ್ಷವೂ ಹೊಸ ಗೂಟ ಹೊಡೆದಿದ್ದಾರೆ, ಸಿಪ್ಪೆ ಇನ್ನೂ ಹಸಿ. ಚೀಲದಲ್ಲಿದ್ದ ಹಗ್ಗ ತೆಗೆದು ನಾಲ್ಕೂ ಗೂಟಕ್ಕೆ ಸುತ್ತಿ ನೋಡಿದೆ. ಮೂವತ್ತಮೂರು ಅಡಿ, ಹದಿನಾರೂವರೆ ಅಡಿ. ಒಂದು ಗೇಣೂ ಆಚೀಚೆ ಹೋಗಿಲ್ಲ.

ಈಗ ಕಟ್ಟೆಯ ಮೇಲೆ ಕೂತು ಹಳೆಯ ಫಾರಮಿನ ಕ್ರಮದಲ್ಲೇ ಬರೆಯುತ್ತಿದ್ದೇನೆ. ಗ್ರಾಮ, ಮಾವಿನಕುರ್ವೆ. ಗದ್ದೆ, ಶನಿಯಾರನದು. ಬೆಳೆ ಇಲ್ಲ. ಹಗ್ಗದ ಒಳಗೆ ಕೆಸರು, ಮೇಲೆ ಅರ್ಧ ಅಡಿ ಉಪ್ಪುನೀರು, ಎರಡು ಬೆಳ್ಳಕ್ಕಿ. ತೂಕ, ಶೂನ್ಯ. ಇದನ್ನು ಕಣ್ಣಾರೆ ಕಂಡು ಬರೆದಿದ್ದೇನೆ. ನಾನೇ ಖುದ್ದಾಗಿ ಹಾಜರಿದ್ದೇನೆ.

ಅವಳ ದನಿ ಬರುತ್ತದೆ ಎಂದು ಇಷ್ಟು ಹೊತ್ತು ಕಾದೆ. ಗೂಟದ ಹತ್ತಿರ ನಿಂತಾಗ ಬರಬೇಕಾಗಿತ್ತು. ಬರಲಿಲ್ಲ. ನೀರು ಏರುವ ಸದ್ದು ಮಾತ್ರ ಇದೆ. ಬಾರದಿರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ ಮಗಾ. ಇಷ್ಟು ವರ್ಷ ಅದೊಂದೇ ಉಳಿದಿತ್ತು...

ಬೆಳ್ಳಕ್ಕಿ ಎದ್ದುಹೋದವು. ಹತ್ತಿರದ ಎರಡು ಗೂಟ ಕಾಣುತ್ತಿವೆ, ಮೂರನೆಯದು ಕಂಡೂ ಕಾಣದ ಹಾಗೆ, ನಾಲ್ಕನೆಯದು ಇಲ್ಲ. ಅಲ್ಲಿದೆ ಎಂದು ಗೊತ್ತು, ಈಗಷ್ಟೇ ಮುಟ್ಟಿ ಬಂದಿದ್ದೇನೆ, ಆದರೂ. ಕಾಗದದ ಮೇಲಿನ ಸಾಲೂ ಮಸುಕಾಗಿದೆ. ಬೆಳಕು ಹೋಗುತ್ತಿದೆ ಅಂಬಾ. ಇನ್ನು ಬರೆದರೆ ಕಾಣದ್ದನ್ನು ಬರೆದಂತಾಗುತ್ತದೆ.

ಅಣ್ಣಪ್ಪಜ್ಜ